ಬಸ್ಸು ಹತ್ತಲು ಕಲಿಸಿ, ಇಳಿಯಲೂ ಕಲಿಸಿ

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಪಾಂಡವಪುರದಲ್ಲೋ ನಾಗಮಂಗಲದಲ್ಲೋ ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕಾಲೇಜಿಗೆ ಹೊರಟ ಹುಡುಗರು, ಸೊಪ್ಪಿನ ಗಂಟು ಹೊತ್ತವರು, ಕಚೇರಿಗೆ ಹೋಗುವವರ ನಡುವೆ ಮೀಸೆ ಚಿಗುರಿದ ಮಗನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ ತಾಯಿಯೊಬ್ಬರು ಕಣ್ಣಿಗೆ ಬೀಳಬಹುದು. ಬಸ್ಸು ಬಂದೊಡನೆ ಮೊದಲು ಅವನನ್ನು ಹತ್ತಿಸುತ್ತಾರೆ. ಟಿಕೆಟ್ಟು ಅವರೇ ಕೇಳುತ್ತಾರೆ. ಇಳಿಯುವ ಜಾಗ ಬಂದಾಗ ಅವರೇ ಎಬ್ಬಿಸುತ್ತಾರೆ. ಹುಡುಗನಿಗೆ ಇಪ್ಪತ್ತು ವರ್ಷ. ಇದೇ ದಾರಿಯಲ್ಲಿ ನೂರಾರು ಸಲ ಬಂದಿದ್ದಾನೆ. ಆದರೂ ದಾರಿ ಅವನಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೇ ಅವನಿಗೆ ಬಂದಿಲ್ಲ.

ಕಲಿಕೆ ನಿಧಾನವಾಗಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಈ ವಾರದ ಲೇಖನ ನಿಮಗೆ. ಇಲ್ಲದಿದ್ದರೂ ಓದಿ. ಇಂಥವರು ಒಂಟಿಯಾಗಿ ಹೊರಟ ದಿನ ಪಕ್ಕದ ಸೀಟಿನಲ್ಲಿ ಕುಳಿತಿರುವವರು ನೀವೇ ಆಗಿರಬಹುದು.

ಇದು ಆರೋಗ್ಯದ ವಿಷಯವೇ?

ಹೌದು. ಹತ್ತನೆಯ ತರಗತಿಯವರೆಗೆ ಹೇಗೋ ಶಾಲೆಗೆ ಹೋಗಿಬರುವ ಮಕ್ಕಳು ಆನಂತರ ಮನೆಯಲ್ಲೇ ಉಳಿದುಬಿಡುತ್ತಾರೆ. ಓಡಾಟವಿಲ್ಲದೆ ಮೈ ತೂಕ ಏರುತ್ತದೆ, ನಿದ್ರೆಯ ಕ್ರಮ ತಪ್ಪುತ್ತದೆ, ಸಿಟ್ಟು ಹಠಗಳು ಹೆಚ್ಚುತ್ತವೆ, ಕಲಿತ ಮಾತು ಮರೆತುಹೋಗುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಬೇಕರಿಯ ಕೆಲಸವೋ ಹೊಲಿಗೆಯ ತರಬೇತಿಯೋ ಸಿಕ್ಕರೂ ‘ಕರೆದುಕೊಂಡು ಹೋಗುವವರು ಯಾರು?’ ಎಂಬ ಒಂದೇ ಪ್ರಶ್ನೆಗೆ ಅದು ಕೈತಪ್ಪುತ್ತದೆ. ಇದೆಲ್ಲದರ ಹಿಂದೆ, ತಂದೆತಾಯಿ ರಾತ್ರಿ ಮಲಗಿದಾಗ ತಮ್ಮೊಳಗೇ ಕೇಳಿಕೊಳ್ಳುವ ಇನ್ನೊಂದು ಪ್ರಶ್ನೆಯಿದೆ: ನಾವು ಹೋದ ಮೇಲೆ ಇವನ ಗತಿಯೇನು? ಅದಕ್ಕೆ ಪೂರ್ಣ ಉತ್ತರ ಯಾರ ಬಳಿಯೂ ಇಲ್ಲ. ಆದರೆ ಒಂದು ಬಸ್ಸು ಹತ್ತಿ, ಸರಿಯಾದ ಕಡೆ ಇಳಿದು, ಮನೆಗೆ ಮರಳಬಲ್ಲ ಮಗ ಆ ಉತ್ತರದ ಒಂದು ಭಾಗವನ್ನು ತಾನೇ ಬರೆದುಕೊಂಡಂತೆ.

ಹಿಂದೆ ಬುದ್ಧಿಮಾಂದ್ಯತೆ ಎನ್ನುತ್ತಿದ್ದುದನ್ನು ಈಗ ಬೌದ್ಧಿಕ ವಿಕಲತೆ ಎನ್ನುತ್ತೇವೆ. ಈ ತೊಂದರೆಯುಳ್ಳವರಲ್ಲಿ ಬಹುಪಾಲು ಮಂದಿಗೆ ಇರುವುದು ಅಲ್ಪ ಪ್ರಮಾಣದ ಕೊರತೆ. ಅವರು ಕಲಿಯಬಲ್ಲರು, ಹೆಚ್ಚು ಸಲ ಹೇಳಬೇಕು, ಚಿಕ್ಕ ಚಿಕ್ಕ ತುಂಡುಗಳಲ್ಲಿ ಹೇಳಬೇಕು. ಡೌನ್ ಸಿಂಡ್ರೋಮ್, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಅನೇಕರಿಗೂ ಈ ಮಾತು ಒಪ್ಪುತ್ತದೆ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 1970ರ ದಶಕದಿಂದಲೇ ಇಂಥ ಮಕ್ಕಳಿಗೆ ಬಸ್ಸು, ರೈಲುಗಳಲ್ಲಿ ಒಂಟಿಯಾಗಿ ಓಡಾಡುವುದನ್ನು ಪಾಠವಾಗಿ ಕಲಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಆ ಪಾಠ ಹೇಳಬೇಕಾದವರು ಹೆಚ್ಚಾಗಿ ಮನೆಯವರೇ.

ನಿಮ್ಮ ಭಯ ಸುಳ್ಳಲ್ಲ

‘ಹೇಳುವುದು ಸುಲಭ, ಕಳಿಸುವುದು ಕಷ್ಟ’ ಎನ್ನುತ್ತೀರಿ. ನಿಜ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲಾಮಕ್ಕಳೂ ಇದ್ದರು. ಈ ಸೀಮೆಯ ಯಾವ ತಾಯಿಗೂ ಆ ದಿನ ಮರೆತಿಲ್ಲ. ರಸ್ತೆಯ ಪಕ್ಕದಲ್ಲೇ ಹರಿಯುವ ನಾಲೆ, ಕಬ್ಬು ಅರೆಯುವ ಕಾಲದಲ್ಲಿ ಸಾಲುಗಟ್ಟುವ ಟ್ರ್ಯಾಕ್ಟರುಗಳು, ಶ್ರೀರಂಗಪಟ್ಟಣದ ಪಕ್ಕದ ಬೆಂಗಳೂರು–ಮೈಸೂರು ಹೆದ್ದಾರಿ ಇವೆಲ್ಲ ನಿಜವಾದ ಅಪಾಯಗಳು.

ಆದರೆ ಕೈ ಹಿಡಿದುಕೊಂಡೇ ಇಡೀ ಬಾಳು ಕಳೆಯುವುದರಲ್ಲಿಯೂ ಅಪಾಯವಿದೆ. ಒಂದು ದಿನ ಜಾತ್ರೆಯ ಗದ್ದಲದಲ್ಲಿ ಆ ಕೈ ತಪ್ಪಿತೆನ್ನಿ. ಎಂದೂ ಒಂಟಿಯಾಗಿ ನಿಂತು ಗೊತ್ತಿಲ್ಲದವನು ಯಾರನ್ನು ಕೇಳಬೇಕು, ಏನು ಕೇಳಬೇಕು ಎಂದು ತಿಳಿಯದೆ ಕಂಗಾಲಾಗುತ್ತಾನೆ. ಆದ್ದರಿಂದ ಅಪಾಯವನ್ನು ಎದುರಿಸುವುದನ್ನು ನಿಮ್ಮ ಕಣ್ಣೆದುರಿನಲ್ಲೇ, ನಿಮ್ಮ ಕಾಲು ಗಟ್ಟಿಯಿರುವಾಗಲೇ ಕಲಿಸುವುದು ಒಳ್ಳೆಯದು.

ಮೊದಲು ವೈದ್ಯರನ್ನು ಕಾಣಿ

ಪಾಠ ಶುರುಮಾಡುವ ಮೊದಲು ನಾಲ್ಕು ಸಂಗತಿಗಳನ್ನು ಪರೀಕ್ಷಿಸಿಕೊಳ್ಳಿ.

ಒಂದು, ಕಣ್ಣು. ಬಸ್ಸಿನ ಬೋರ್ಡು ಗುರುತಿಸದಿರುವುದು ಬುದ್ಧಿಯ ಕೊರತೆಯೆಂದು ನೀವು ಭಾವಿಸಿರಬಹುದು. ಎಷ್ಟೋ ಸಲ ಅದು ಕನ್ನಡಕವಿಲ್ಲದ ಕೊರತೆ.

ಎರಡು, ಕಿವಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ದೃಷ್ಟಿದೋಷ, ಶ್ರವಣದೋಷ ಎರಡೂ ಸಾಮಾನ್ಯ. ಹಾರ್ನ್ ಕೇಳಿಸದವನನ್ನು ರಸ್ತೆಗೆ ಬಿಡುವಂತಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ನಾಲ್ಕೂ ತಾಲ್ಲೂಕಿನವರಿಗೆ ಕೈಗೆಟುಕುವ ದೂರದಲ್ಲಿದೆ.

ಮೂರು, ಮೂರ್ಛೆರೋಗ. ಫಿಟ್ಸ್ ಹತೋಟಿಗೆ ಬಂದಿಲ್ಲವಾದರೆ ವೈದ್ಯರು ಒಪ್ಪುವವರೆಗೆ ಒಂಟಿ ಪ್ರಯಾಣ ಬೇಡ. ಹತೋಟಿಗೆ ಬಂದಿದ್ದರೂ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಬಾಗಿಲ ಬಳಿ ನಿಲ್ಲಬಾರದು, ನಾಲೆಯ ಏರಿಯ ಮೇಲೆ ನಡೆಯಬಾರದು. ಜೇಬಿನ ಚೀಟಿಯಲ್ಲಿ ಮೂರ್ಛೆರೋಗವಿದೆಯೆಂದು ಬರೆದಿರಬೇಕು.

ನಾಲ್ಕು, ಮಾತ್ರೆಯ ಮಂಪರು. ಕೆಲವು ಔಷಧಗಳು ತೂಕಡಿಕೆ ತರುತ್ತವೆ. ಬಸ್ಸಿನಲ್ಲಿ ನಿದ್ದೆ ಹೋಗಿ ಮುಂದಿನ ಊರಿನಲ್ಲಿ ಇಳಿಯುವವರಲ್ಲಿ ಇಂಥವರೂ ಇದ್ದಾರೆ. ಮಾತ್ರೆಯ ವೇಳೆಯನ್ನು ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ.

ಒಂದೇ ದಾರಿ, ಹಲವು ಮೆಟ್ಟಿಲು

‘ಬಸ್ಸಿನಲ್ಲಿ ಓಡಾಡುವುದನ್ನು’ ಯಾರಿಗೂ ಒಟ್ಟಾಗಿ ಕಲಿಸಲಾಗದು. ಒಂದು ದಾರಿಯನ್ನು ಕಲಿಸಬಹುದು. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಒಂದೇ ಹೆದ್ದಾರಿ ಪೋಣಿಸಿದೆ, ಕೆ.ಆರ್. ಪೇಟೆಯ ಕಡೆಯಿಂದ ಚಿನಕುರಳಿಯ ಮೇಲೆ ಬರುವ ರಸ್ತೆ ಪಾಂಡವಪುರವನ್ನು ಸೇರುತ್ತದೆ. ನಿಮ್ಮ ಊರಿನಿಂದ ಹತ್ತಿರದ ಪೇಟೆಗೆ, ಬಸ್ಸು ಬದಲಿಸಬೇಕಿಲ್ಲದ ಒಂದು ದಾರಿಯನ್ನು ಆರಿಸಿಕೊಳ್ಳಿ. ಆ ದಾರಿಯ ಕೊನೆಯಲ್ಲಿ ಮಗನಿಗೆ ಇಷ್ಟವಾದದ್ದು ಏನಾದರೂ ಇರಲಿ: ಅತ್ತೆಯ ಮನೆ, ಬೇಕರಿ, ತರಬೇತಿ ಕೇಂದ್ರ. ಸುಮ್ಮನೆ ಹೋಗಿ ಬರುವುದಕ್ಕೆ ಯಾರಿಗೂ ಉತ್ಸಾಹವಿರುವುದಿಲ್ಲ.

ಈಗ ಒಂದು ಹಾಳೆ ತೆಗೆದುಕೊಂಡು ಆ ಪ್ರಯಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ. ಚಪ್ಪಲಿ ಮೆಟ್ಟಿ ಹೊರಡುವುದು, ಚೀಟಿ ಮತ್ತು ಪಾಸು ಜೇಬಿನಲ್ಲಿದೆಯೇ ನೋಡುವುದು, ನಿಲ್ದಾಣಕ್ಕೆ ನಡೆಯುವುದು, ರಸ್ತೆಯ ಸರಿಯಾದ ಬದಿಯಲ್ಲಿ ನಿಲ್ಲುವುದು, ಬೋರ್ಡು ನೋಡುವುದು, ಕೈ ತೋರಿಸುವುದು, ಇಳಿಯುವವರು ಇಳಿದ ಮೇಲೆ ಹತ್ತುವುದು, ಕಂಬಿ ಹಿಡಿಯುವುದು, ಟಿಕೆಟ್ಟು ಕೇಳುವುದು, ಗುರುತು ಕಂಡಾಗ ಬಾಗಿಲ ಕಡೆ ಬರುವುದು, ಬಸ್ಸು ಪೂರ್ತಿ ನಿಂತ ಮೇಲೆ ಇಳಿಯುವುದು, ಬಸ್ಸು ಮುಂದೆ ಹೋದ ಮೇಲಷ್ಟೇ ರಸ್ತೆ ದಾಟುವುದು. ನಮಗೆ ಒಂದೇ ಕೆಲಸವಾಗಿ ಕಾಣುವುದು ಅವನಿಗೆ ಹನ್ನೆರಡು ಕೆಲಸ. ಯಾವ ಮೆಟ್ಟಿಲಿನಲ್ಲಿ ಎಡವುತ್ತಾನೋ ಅದನ್ನಷ್ಟೇ ಆ ವಾರ ಕಲಿಸಿ. ಉಳಿದದ್ದಕ್ಕೆ ಗದರಿಸಬೇಡಿ.

‘ಕೆ.ಆರ್.’ ಎಂದರೆ ಸಾಲದು

ನಗರದ ಬಸ್ಸುಗಳಿಗೆ ಇರುವಂತೆ ನಮ್ಮ ಹಳ್ಳಿಯ ಬಸ್ಸುಗಳಿಗೆ ಸಂಖ್ಯೆಯ ಆಸರೆ ಸಿಗುವುದು ಕಡಮೆ. ಊರ ಹೆಸರಿನ ಬೋರ್ಡೇ ಗತಿ. ಓದಲು ಬಾರದವನೂ ಊರ ಹೆಸರನ್ನು ಚಿತ್ರದಂತೆ ಗುರುತಿಸಲು ಕಲಿಯಬಲ್ಲ. ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಮನೆಯ ಗೋಡೆಗೆ ತೂಗುಹಾಕಿ.

ಇಲ್ಲಿ ಈ ಸೀಮೆಗೇ ವಿಶೇಷವಾದ ಒಂದು ತೊಡಕಿದೆ. ಕೆ.ಆರ್. ಪೇಟೆ, ಕೆ.ಆರ್. ನಗರ, ಕೆ.ಆರ್.ಎಸ್. — ಮೂರೂ ‘ಕೆ.ಆರ್.’ನಿಂದಲೇ ಶುರು. ಮೈಸೂರಿನಲ್ಲಿ ಬಸ್ಸು ಹುಡುಕುವವನು ಮೊದಲ ಎರಡಕ್ಷರ ನೋಡಿ ಹತ್ತಿದರೆ ಬೇರೆಯೇ ದಿಕ್ಕಿಗೆ ಹೋಗುತ್ತಾನೆ. ಅದೇ ರೀತಿ ಶ್ರೀರಂಗಪಟ್ಟಣ, ಚನ್ನಪಟ್ಟಣ, ಪಿರಿಯಾಪಟ್ಟಣಗಳ ಬಾಲ ಒಂದೇ. ಆದ್ದರಿಂದ ಕೆ.ಆರ್. ಪೇಟೆಯವನಿಗೆ ‘ಪೇಟೆ’ಯನ್ನು, ಶ್ರೀರಂಗಪಟ್ಟಣದವನಿಗೆ ‘ಶ್ರೀರಂಗ’ವನ್ನು ಗುರುತಿಸಲು ಕಲಿಸಿ. ಬೇರೆಯಾಗಿರುವ ಭಾಗವೇ ಗುರುತು. ಮೂರು ರಟ್ಟುಗಳನ್ನು ಮುಂದಿಟ್ಟು ‘ನಮ್ಮದು ಯಾವುದು?’ ಎಂದು ಆಟವಾಡಿಸಿ.

ಬೋರ್ಡು ನೋಡಿದ ಮೇಲೂ ಕೇಳಿ ಹತ್ತುವುದು ರೂಢಿಯಾಗಲಿ. ‘ಅಣ್ಣ, ಪಾಂಡವಪುರಕ್ಕೆ ಹೋಗುತ್ತಾ?’ ಎಂಬ ಮೂರೇ ಮಾತು. ಮಾತು ಸ್ಪಷ್ಟವಿಲ್ಲದವನಿಗೆ ಊರ ಹೆಸರಿನ ಚೀಟಿ ತೋರಿಸಲು ಕಲಿಸಿ. ಪಾಂಡವಪುರಕ್ಕೆ ಹೋಗುವವರು ಇನ್ನೊಂದು ವಿಷಯ ನೆನಪಿಡಬೇಕು: ಪಾಂಡವಪುರದ ರೈಲು ನಿಲ್ದಾಣ ಇರುವುದು ಊರಿನಿಂದ ದೂರದಲ್ಲಿ. ‘ಪಾಂಡವಪುರ’ ಎಂದಾಗ ಕಂಡಕ್ಟರು ‘ಸ್ಟೇಷನ್ನೋ ಊರೋ?’ ಎಂದು ಕೇಳಿದರೆ ಹೇಳುವ ಉತ್ತರವನ್ನೂ ಬಾಯಿಪಾಠ ಮಾಡಿಸಿ.

ಇಳಿಯುವ ಗುರುತು

ಹತ್ತುವುದನ್ನು ಕಲಿಸುವವರು ಹಲವರು, ಇಳಿಯುವುದನ್ನು ಕಲಿಸುವುದು ಮರೆಯುತ್ತಾರೆ. ಮಗ ಕಿಟಕಿಯ ಪಕ್ಕ ಕುಳಿತಿರಲಿ. ಪ್ರತಿ ಪ್ರಯಾಣದಲ್ಲಿಯೂ ಅವೇ ಗುರುತುಗಳನ್ನು ಅದೇ ಮಾತಿನಲ್ಲಿ ತೋರಿಸಿ. ಉತ್ತರದ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬರುವವನಿಗೆ ‘ಹೊಳೆಯ ಸೇತುವೆ ಬಂತು, ಚೀಲ ಹೆಗಲಿಗೆ’ ಎಂದರೆ ಸಾಕು. ಪಾಂಡವಪುರಕ್ಕೆ ಬರುವವನಿಗೆ ಕುಂತಿಬೆಟ್ಟ ಒಳ್ಳೆಯ ಗುರುತು. ಸೇತುವೆ, ಬೆಟ್ಟ, ದೇವಸ್ಥಾನದ ಗೋಪುರ, ಪೆಟ್ರೋಲ್ ಬಂಕು ಇವು ನಾಳೆಯೂ ಇರುತ್ತವೆ. ಎಳನೀರಿನ ಗಾಡಿ, ಸಿನಿಮಾ ಪೋಸ್ಟರು, ನಿಂತ ಲಾರಿ ಇವನ್ನು ಗುರುತಾಗಿ ಕೊಡಬೇಡಿ; ಅವು ಇಲ್ಲದ ದಿನ ಮಗ ಇಳಿಯುವುದೇ ಇಲ್ಲ.

ಪ್ರತಿ ಜಾಗಕ್ಕೂ ಎರಡು ಗುರುತು ಬೇಕು. ಮೊದಲನೆಯದು ‘ಸಿದ್ಧನಾಗು’ ಎನ್ನಲು, ಎರಡನೆಯದು ‘ಇಳಿ’ ಎನ್ನಲು. ಸಂಜೆಗತ್ತಲಲ್ಲಿ ಗುರುತುಗಳು ಕಾಣುವುದಿಲ್ಲವಾದ್ದರಿಂದ ಮೊದಲ ಕೆಲವು ತಿಂಗಳು ಹಗಲಿನಲ್ಲೇ ಓಡಾಡಲಿ. ತಡೆರಹಿತ ಬಸ್ಸು ಊರೊಳಗೆ ನಿಲ್ಲದೆ ಮುಂದೆ ಹೋಗುವುದರಿಂದ ಅದನ್ನು ಹತ್ತಬಾರದೆಂದೂ ತಿಳಿಸಿ.

ದುಡ್ಡು, ಟಿಕೆಟ್ಟು, ಪಾಸು

ಲೆಕ್ಕ ಬಾರದೆಂದು ಹಿಂಜರಿಯಬೇಡಿ. ಹೋಗುವ ದುಡ್ಡನ್ನು ಒಂದು ಸಣ್ಣ ಚೀಲದಲ್ಲಿ, ಬರುವ ದುಡ್ಡನ್ನು ಇನ್ನೊಂದು ಬಣ್ಣದ ಚೀಲದಲ್ಲಿ, ಸರಿಯಾದ ಚಿಲ್ಲರೆಯಾಗಿಯೇ ಇಟ್ಟುಕೊಡಿ. ಚಿಲ್ಲರೆ ಇಲ್ಲದಾಗ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುವ ಕಂಡಕ್ಟರರ ಪದ್ಧತಿ ನಿಮಗೆ ಗೊತ್ತೇ ಇದೆ. ಟಿಕೆಟ್ಟಿನ ಹಿಂದೆ ಬರಹವಿದ್ದರೆ ಇಳಿಯುವ ಮೊದಲು ಅದನ್ನು ಕಂಡಕ್ಟರಿಗೆ ತೋರಿಸಬೇಕು ಎಂಬಷ್ಟು ಕಲಿತರೆ ಸಾಕು.

ಪಾಸು ಮಾಡಿಸಿದರೆ ಈ ಲೆಕ್ಕವೂ ಉಳಿಯುತ್ತದೆ. ರಾಜ್ಯ ರಸ್ತೆ ಸಾರಿಗೆ ನಿಗಮ ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಓಡಾಡಲು ರಿಯಾಯಿತಿ ಪಾಸು ಕೊಡುತ್ತದೆ. 2024ರಲ್ಲಿ ಇದರ ವಾರ್ಷಿಕ ಶುಲ್ಕ 660 ರೂಪಾಯಿ ಇತ್ತು. ಅರ್ಜಿಯನ್ನು ಸೇವಾಸಿಂಧು ಮೂಲಕ ಸಲ್ಲಿಸಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿದೆ. ಅವರು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ಟನ್ನು ಕೇಳಿ ಪಡೆಯಬೇಕು. ಈ ಎರಡೂ ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ಆದ್ದರಿಂದ ಸರ್ಕಾರಿ ಬಸ್ಸು ಯಾವುದು, ಖಾಸಗಿ ಯಾವುದು ಎಂದು ಗುರುತಿಸುವುದು ಕೂಡ ಪಾಠದ ಒಂದು ಮೆಟ್ಟಿಲು.

ರೈಲಿನಲ್ಲಿ ಜೊತೆಗಾರರಿಲ್ಲದೆ ಪ್ರಯಾಣಿಸಲಾರದ ಬೌದ್ಧಿಕ ವಿಕಲತೆಯವರಿಗೂ ಅವರ ಜೊತೆಗಾರರೊಬ್ಬರಿಗೂ ಎರಡನೆಯ ದರ್ಜೆ ಮತ್ತು ಸ್ಲೀಪರಿನಲ್ಲಿ ಶೇ. 75ರ ರಿಯಾಯಿತಿಯಿದೆ. ಮೊದಲ ಪಾಠಕ್ಕೆ ಬಸ್ಸೇ ಒಳ್ಳೆಯದು. ಬಸ್ಸಿನಲ್ಲಿ ಕೇಳಿದರೆ ಹೇಳುವ ಕಂಡಕ್ಟರಿರುತ್ತಾರೆ, ತಪ್ಪಿದರೆ ಮುಂದಿನ ನಿಲ್ದಾಣ ಹತ್ತಿರವಿರುತ್ತದೆ.

ರಸ್ತೆ ದಾಟುವುದು

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವ ಪಾಠ ಇದೇ. ಬರುವ ವಾಹನದ ವೇಗವನ್ನು ಅಳೆಯುವುದು ಇಂಥ ಮಕ್ಕಳಿಗೆ ಕಷ್ಟ. ಆದ್ದರಿಂದ ‘ನೋಡಿಕೊಂಡು ದಾಟು’ ಎಂದು ಹೇಳಬೇಡಿ. ‘ಎರಡೂ ಕಡೆ ಯಾವ ಗಾಡಿಯೂ ಕಾಣದಿದ್ದಾಗ ದಾಟು, ಗಾಡಿ ಕಾಣಿಸಿದರೆ ನಿಲ್ಲು’ ಎಂಬ ಒಂದೇ ನಿಯಮ ಕೊಡಿ. ಗಾಡಿಗಳ ಸಾಲು ನಿಲ್ಲದಿದ್ದರೆ, ದಾಟುತ್ತಿರುವ ದೊಡ್ಡವರನ್ನು ಕೇಳಿ ಅವರ ಜೊತೆ ದಾಟಲಿ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ಎರಡು ಟ್ರೇಲರು ಇರಬಹುದು. ಇಂಜಿನ್ನು ಮುಂದೆ ಹೋಯಿತೆಂದು ಕಾಲಿಡಬಾರದು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಯಾವ ಕಾರಣಕ್ಕೂ ನೆಲಮಟ್ಟದಲ್ಲಿ ದಾಟುವುದನ್ನು ಕಲಿಸಬೇಡಿ. ಕೆಳಸೇತುವೆಯೋ ಮೇಲ್ಸೇತುವೆಯೋ ಇರುವ ಕಡೆಗೆ ಸುತ್ತಿಕೊಂಡೇ ಹೋಗಬೇಕು. ನೀವು ಜೊತೆಯಲ್ಲಿದ್ದಾಗಲೂ ಬೇಲಿ ಹಾರಬೇಡಿ. ನೀವು ಹೇಳಿದ್ದಕ್ಕಿಂತ ನೀವು ಮಾಡಿದ್ದು ಅವನಿಗೆ ಬೇಗ ಹತ್ತುತ್ತದೆ.

ಕೈ ಬಿಡುವ ಕ್ರಮ

ಒಂಟಿಯಾಗಿ ಕಳಿಸುವುದು ಒಂದು ದಿನದ ಕೆಲಸವಲ್ಲ. ಕೊನೆಯಿಂದ ಶುರುಮಾಡಿ. ಮರಳಿ ಬರುವಾಗ ಊರ ನಿಲ್ದಾಣದಿಂದ ಮನೆಯವರೆಗಿನ ದಾರಿಯನ್ನು ಮೊದಲು ಅವನೊಬ್ಬನೇ ನಡೆಯಲಿ. ಅಲ್ಲಿ ಎಲ್ಲರೂ ಗೊತ್ತಿದ್ದವರು, ಅಪಾಯ ಕಡಮೆ, ‘ನಾನೇ ಬಂದೆ’ ಎಂಬ ಹೆಮ್ಮೆ ಹೆಚ್ಚು.

ಆಮೇಲೆ ಬಸ್ಸಿನೊಳಗೆ ದೂರ ಕುಳಿತುಕೊಳ್ಳಿ. ಅವನು ಮುಂದೆ, ನೀವು ಹಿಂದೆ. ಟಿಕೆಟ್ಟು ಅವನೇ ಕೇಳಲಿ. ತಪ್ಪು ಮಾಡುವಂತೆ ಕಂಡರೂ ಅಪಾಯವಿಲ್ಲದಿದ್ದರೆ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಿ. ತಂದೆತಾಯಿಗೆ ಇದೇ ಅತಿ ಕಷ್ಟದ ಪಾಠ. ಮುಂದಿನ ಹಂತದಲ್ಲಿ ಅಣ್ಣನೋ ಮಾವನೋ ಬೈಕಿನಲ್ಲಿ ಬಸ್ಸಿನ ಹಿಂದೆ ಬರಲಿ. ಅದಾದ ಮೇಲೆ ಈ ತುದಿಯಲ್ಲಿ ಒಬ್ಬರು ಹತ್ತಿಸಿ, ಆ ತುದಿಯಲ್ಲಿ ಒಬ್ಬರು ಕಾದಿರಲಿ. ಕೊನೆಗೆ ಎರಡೂ ತುದಿಯಲ್ಲಿ ಯಾರೂ ಇಲ್ಲದೆ, ತಲುಪಿದೊಡನೆ ಒಂದು ಫೋನು.

ಒಬ್ಬರಿಗೆ ಕೆಲವು ವಾರ ಸಾಕಾದರೆ ಇನ್ನೊಬ್ಬರಿಗೆ ವರ್ಷ ಬೇಕಾಗಬಹುದು. ಕೆಲವರು ಮನೆಯಿಂದ ನಿಲ್ದಾಣದವರೆಗೆ ಮಾತ್ರ ಒಂಟಿಯಾಗಿ ಹೋಗಬಲ್ಲರು. ಅದೂ ಗೆಲುವೇ. ಮೇಲುಕೋಟೆಯ ವೈರಮುಡಿ, ಶ್ರೀರಂಗಪಟ್ಟಣದ ದಸರಾ ಮುಂತಾದ ದಿನಗಳಲ್ಲಿ ಬಸ್ಸುಗಳು ತುಂಬಿ ದಾರಿ ಬದಲಾಗುವುದುಂಟು. ಹೊಸದಾಗಿ ಕಲಿಯುವವರನ್ನು ಆ ದಿನಗಳಲ್ಲಿ ಒಂಟಿಯಾಗಿ ಕಳಿಸಬೇಡಿ.

ದಾರಿ ತಪ್ಪುವುದನ್ನೂ ಕಲಿಸಿ

ಎಷ್ಟು ಚೆನ್ನಾಗಿ ಕಲಿಸಿದರೂ ಒಂದು ದಿನ ಬಸ್ಸು ಕೆಡುತ್ತದೆ, ನಿಲ್ದಾಣ ದಾಟಿಹೋಗುತ್ತದೆ, ಪಾಸು ಕಳೆದುಹೋಗುತ್ತದೆ. ದಾರಿ ಸರಿಯಿದ್ದಾಗ ಏನು ಮಾಡಬೇಕೆಂದು ಕಲಿತವನು ಅರ್ಧ ಕಲಿತಂತೆ. ತಪ್ಪಿದಾಗ ಏನು ಮಾಡಬೇಕೆಂದು ತಿಳಿದವನನ್ನು ಮಾತ್ರ ಒಂಟಿಯಾಗಿ ಕಳಿಸಬಹುದು.

ಆದ್ದರಿಂದ ನೀವೇ ಜೊತೆಗಿದ್ದು ಒಂದು ದಿನ ಬೇಕೆಂದೇ ಮುಂದಿನ ನಿಲ್ದಾಣದಲ್ಲಿ ಇಳಿಯಿರಿ. ‘ಈಗೇನು ಮಾಡೋಣ?’ ಎಂದು ಅವನನ್ನೇ ಕೇಳಿ. ಅವನು ಕಲಿಯಬೇಕಾದದ್ದು ಮೂರೇ: ಅಲ್ಲೇ ನಿಲ್ಲುವುದು, ಕೇಳುವುದು, ಫೋನು ಮಾಡುವುದು. ಗಾಬರಿಯಲ್ಲಿ ನಡೆಯತೊಡಗಿದವನನ್ನು ಹುಡುಕುವುದು ಕಷ್ಟ, ನಿಂತವನನ್ನು ಹುಡುಕುವುದು ಸುಲಭ. ಯಾರನ್ನು ಕೇಳಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿ: ಸಮವಸ್ತ್ರದ ಕಂಡಕ್ಟರು, ಪೊಲೀಸರು, ಅಂಗಡಿಯೊಳಗೆ ಕುಳಿತವರು, ಮಕ್ಕಳ ಜೊತೆಯಿರುವ ಹೆಂಗಸರು. ತಾವಾಗಿಯೇ ಬಂದು ‘ಬಾ, ಬೈಕಿನಲ್ಲಿ ಬಿಡುತ್ತೇನೆ’ ಎನ್ನುವವರ ಜೊತೆ ಹೋಗಬಾರದು.

ಜೇಬಿನ ಚೀಟಿಯಲ್ಲಿ ಹೆಸರು, ಇಬ್ಬರ ಫೋನು ಸಂಖ್ಯೆ, ಕಾಯಿಲೆಯಿದ್ದರೆ ಅದರ ವಿವರ ಇರಲಿ. ಇದನ್ನು ಕೊರಳಿಗೆ ನೇತುಹಾಕಿ ಊರಿಗೆಲ್ಲ ತೋರಿಸಬೇಡಿ. ಕೆಟ್ಟವರಿಗೂ ಅದೇ ಸುಳಿವಾಗುತ್ತದೆ. ಮೊಬೈಲಿನ ಒಂದು ಗುಂಡಿ ಒತ್ತಿದರೆ ಮನೆಗೆ ಕರೆ ಹೋಗುವಂತೆ ಹೊಂದಿಸಿಡಿ. ತುರ್ತಿಗೆ 112 ಇದೆ. ಹದಿನೆಂಟು ತುಂಬದ ಮಕ್ಕಳಿಗೆ 1098, ಮಹಿಳೆಯರಿಗೆ 181.

ಮಗಳ ವಿಷಯದಲ್ಲಿ

ಹೆಣ್ಣುಮಗಳೆಂದು ಈ ಪಾಠ ತಪ್ಪಿಸಬೇಡಿ. ಮೈ ಮುಟ್ಟುವವರಿಂದ ದೂರ ಸರಿಯುವುದು, ‘ಬೇಡ’ ಎಂದು ಗಟ್ಟಿಯಾಗಿ ಕೂಗುವುದು, ಮುಂದಿನ ಮಹಿಳೆಯರ ಸೀಟುಗಳಲ್ಲೇ ಕೂರುವುದು, ಮನೆಗೆ ಬಂದು ನಡೆದದ್ದನ್ನು ಹೇಳುವುದು, ಇಷ್ಟನ್ನೂ ಆಡಿ ತೋರಿಸಿ ಅಭ್ಯಾಸ ಮಾಡಿಸಿ. ಹೇಳಿದಾಗ ಬೈಯಬೇಡಿ, ಬೈದರೆ ಮುಂದೆ ಹೇಳುವುದಿಲ್ಲ. ಮುಟ್ಟಿನ ದಿನಗಳ ಸಿದ್ಧತೆ, ನಿಲ್ದಾಣದ ಶೌಚಾಲಯವನ್ನು ಬಳಸುವ ಕ್ರಮ ಇವನ್ನು ತಾಯಿಯೋ ಅಕ್ಕನೋ ಹೇಳಿಕೊಡಲಿ. ಗಂಡುಮಕ್ಕಳಿಗೂ ಇಂಥ ಕಿರುಕುಳ ಆಗುವುದುಂಟು. ಅವರಿಗೂ ಇದನ್ನು ಕಲಿಸಿ.

ನೆರವು ಎಲ್ಲಿ?

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಬೌದ್ಧಿಕ ವಿಕಲತೆ, ಆಟಿಸಂ ಎರಡೂ ಅದರಲ್ಲಿವೆ. ಮೊದಲು ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿ ಮಾಡಿಸಿ. ಪಾಸಿಗೂ ಉಳಿದ ಸೌಲಭ್ಯಗಳಿಗೂ ಅದು ಬೇಕು. ಇದಕ್ಕೆ ದಾರಿ ತೋರಿಸಲು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಮಗ ಇನ್ನೂ ಶಾಲೆಯಲ್ಲಿದ್ದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಕಂಡು, ಬಸ್ಸಿನ ಪಾಠವನ್ನೂ ಕಲಿಕೆಯ ಯೋಜನೆಗೆ ಸೇರಿಸಿರೆಂದು ಕೇಳಿ.

ಉಳಿದವರು ಮಾಡಬಹುದಾದದ್ದು

ಬಸ್ಸಿನಲ್ಲಿ ಇಂಥವರೊಬ್ಬರು ಏನಾದರೂ ಕೇಳಿದರೆ ನಗಬೇಡಿ, ಮುಖ ತಿರುಗಿಸಬೇಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಅವರ ಕೆಲಸವನ್ನು ನೀವೇ ಮಾಡಿ ಮುಗಿಸುವ ಅವಸರ ಬೇಡ. ಯಾರಿಗಾದರೂ ಫಿಟ್ಸ್ ಬಂದರೆ ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ನಡುಕ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ.

ನಾಳೆ ಬೆಳಿಗ್ಗೆ ಮಗನನ್ನು ಕರೆದುಕೊಂಡು ಹೊರಟಾಗ ಒಂದು ಕೆಲಸ ಮಾಡಿ. ಬಸ್ಸು ಬರುವುದು ಕಂಡ ಮೇಲೂ ನೀವು ಸುಮ್ಮನಿರಿ. ‘ಇದು ನಮ್ಮ ಬಸ್ಸಾ?’ ಎಂದು ಅವನನ್ನು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಬಸ್ಸು ತಪ್ಪಿದರೆ ತಪ್ಪಲಿ. ಇನ್ನೊಂದು ಬಸ್ಸು ಬರುತ್ತದೆ, ಅಷ್ಟರಲ್ಲಿ ಮೊದಲ ಪಾಠ ಆಗಿರುತ್ತದೆ.